ಬಿಳಿಯಾನೆಯ ಮೂರು ನುಡಿಗಳು: ಥಾಯ್ ಅರಮನೆ, ಇಂಗ್ಲಿಷ್ ನುಡಿಗಟ್ಟು ಮತ್ತು ಕುಯಿ ಜನರ ಕಾಡು

ನಷ್ಟದಲ್ಲಿರುವ ಸರ್ಕಾರಿ ನಿಗಮವನ್ನೋ, ಹಣ ನುಂಗುತ್ತ ಮುಗಿಯದೇ ಉಳಿದ ಕಾಮಗಾರಿಯನ್ನೋ ‘ಬಿಳಿಯಾನೆ’ ಎಂದು ಕರೆಯುವುದು ಇಂದಿನ ಕನ್ನಡ ಪತ್ರಿಕೆಗಳ ವಾಡಿಕೆ. ಸಾಕಲಾಗದ, ಬಿಡಲೂ ಆಗದ ಹೊರೆ ಎಂಬುದು ಅದರ ಅರ್ಥ. ಆದರೆ ಇದೇ ಕನ್ನಡದಲ್ಲಿ ಇದಕ್ಕಿಂತ ಬಹಳ ಹಳೆಯದಾದ ಇನ್ನೊಂದು ಬಿಳಿಯಾನೆ ಇದೆ. ಅದು ಐರಾವತ. ಗಜಗೌರಿ ವ್ರತದ ಕಥೆಯಲ್ಲಿ ತಾಯಿ ಕುಂತಿಯ ಪೂಜೆಗೆಂದು ಪಾಂಡವರು ಸ್ವರ್ಗದಿಂದ ಭೂಮಿಗೆ ಇಳಿಸಿದ ಆನೆ. ಒಂದೇ ಭಾಷೆಯೊಳಗೆ ಒಂದೇ ಪದ ಹೀಗೆ ಗೌರವಕ್ಕೂ ಹೀಯಾಳಿಕೆಗೂ ಒದಗುತ್ತಿದೆ. ಗೌರವದ ಅರ್ಥ ಪುರಾಣದಿಂದ ಬಂದದ್ದು. ಹೀಯಾಳಿಕೆಯ ಅರ್ಥ ಇಂಗ್ಲಿಷಿನಿಂದ ಅನುವಾದವಾಗಿ ಬಂದದ್ದು. ಆ ಇಂಗ್ಲಿಷ್ ನುಡಿಗಟ್ಟಾದರೋ ತನ್ನ ಮೂಲವನ್ನು ಸಿಯಾಮಿನ ಅರಮನೆಯಲ್ಲಿ ತೋರಿಸುತ್ತದೆ.

ಸಿಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಭಾಷೆಯಲ್ಲಿ ಈ ಪದದ ಗತಿ ಏನು ಎಂದು ನೋಡಿದರೆ ಅಚ್ಚರಿ ಕಾದಿದೆ. ಥಾಯ್‌ನಲ್ಲಿ ಬಿಳಿಯಾನೆಗೆ ‘ಚಾಂಗ್ ಫುಅಕ್’ ಎನ್ನುತ್ತಾರೆ. ದೂರದ ಹಳ್ಳಿಯಿಂದ ಬಂದು ರಾಜಧಾನಿಯ ವಿದ್ಯಾಸಂಸ್ಥೆಯಲ್ಲಿ ಮಿಂಚುವ ಪ್ರತಿಭಾವಂತ ವಿದ್ಯಾರ್ಥಿ ಅಲ್ಲಿ ‘ಚಾಂಗ್ ಫುಅಕ್’. ಆಕಾಶಗಂಗೆಗೆ ಥಾಯ್ ಜನ ಇಟ್ಟ ಹೆಸರು ‘ಥಾಂಗ್ ಚಾಂಗ್ ಫುಅಕ್’, ಅಂದರೆ ಬಿಳಿಯಾನೆಯ ದಾರಿ. ಹುಟ್ಟಿದ ನೆಲದಲ್ಲಿ ಅಪೂರ್ವತೆಯನ್ನು ಸೂಚಿಸುವ ಪದ ಪರಭಾಷೆಯಲ್ಲಿ ವ್ಯರ್ಥತೆಯನ್ನು ಸೂಚಿಸಿದ್ದು ಹೇಗೆ? ಈ ಎರಡು ದೊಡ್ಡ ಭಾಷೆಗಳ ನಡುವೆ, ಆ ಆನೆಯನ್ನು ನಿಜವಾಗಿ ಕಾಡಿನಿಂದ ಹಿಡಿದು ತಂದ ಸಣ್ಣ ಭಾಷೆಯ ಜನರಿಗೆ ಏನಾಯಿತು? ಪ್ರಸ್ತುತ ಲೇಖನ ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ.

ಲಕ್ಷಣಶಾಸ್ತ್ರ ಮತ್ತು ಕಾನೂನು

ಮೊದಲು ಸ್ಪಷ್ಟವಾಗಬೇಕಾದ ಸಂಗತಿಯೆಂದರೆ, ಥಾಯ್ ಪರಂಪರೆಯ ಬಿಳಿಯಾನೆ ಬಿಳಿ ಬಣ್ಣದ್ದಲ್ಲ. ‘ಫುಅಕ್’ ಎಂಬುದು ತೊನ್ನು ಅಥವಾ ಪೇಲವ ಮೈಬಣ್ಣವನ್ನು ಹೇಳುವ ಪದ. ಅರಮನೆಯ ಅಧಿಕೃತ ಭಾಷೆ ಈ ಆನೆಯನ್ನು ‘ಚಾಂಗ್ ಸಾಂಖಾನ್’, ಅಂದರೆ ಮಹತ್ವದ ಆನೆ, ಎಂದು ಕರೆಯುತ್ತದೆ. ಆ ಮಹತ್ವವನ್ನು ನಿರ್ಧರಿಸುವುದು ಲಕ್ಷಣಶಾಸ್ತ್ರ. ‘ತಾಮ್ರಾ ಖೊಚಲಕ್’ ಎಂಬ ಥಾಯ್ ಹೆಸರಿನಲ್ಲಿ ‘ಗಜಲಕ್ಷಣ’ ಎಂಬ ಸಂಸ್ಕೃತ ಪದವನ್ನು ಕನ್ನಡ ಓದುಗರು ಸುಲಭವಾಗಿ ಗುರುತಿಸಬಲ್ಲರು. ಇದರ ಜೊತೆಗೆ ಹಿಡಿಯುವ, ಪಳಗಿಸುವ ಕ್ರಿಯೆಗಳನ್ನು ಹೇಳುವ ‘ಖೊಚಕಾಮ್’, ಅಂದರೆ ಗಜಕರ್ಮದ ಗ್ರಂಥಗಳೂ ಇವೆ.

ಈ ಗ್ರಂಥಗಳ ಪ್ರಕಾರ ಕ್ಷೀರಸಾಗರದಲ್ಲಿ ವಿಷ್ಣುವಿನ ನಾಭಿಯಿಂದ ಮೂಡಿದ ಕಮಲದ ದಳಗಳನ್ನು ದೇವತೆಗಳು ಹಂಚಿಕೊಂಡು ಆನೆಗಳನ್ನು ಸೃಷ್ಟಿಸಿದರು. ಹೀಗೆ ನಾಲ್ಕು ಕುಲಗಳು ಹುಟ್ಟಿದವು: ಬ್ರಹ್ಮವಂಶ, ಈಶ್ವರವಂಶ, ವಿಷ್ಣುವಂಶ ಮತ್ತು ಅಗ್ನಿವಂಶ. ಥಾಯ್ ಉಚ್ಚಾರಣೆಯಲ್ಲಿ ಇವು ಫ್ರೊಮ್‌ಫೊಂಗ್, ಇತ್ಸುಅನ್‌ಫೊಂಗ್, ವಿತ್ಸನುಫೊಂಗ್, ಅಕ್ಖನಿಫೊಂಗ್ ಆಗುತ್ತವೆ. ಮೊದಲ ಕುಲದ ಆನೆ ಆಯುಸ್ಸನ್ನೂ ವಿದ್ಯೆಯನ್ನೂ ತರುತ್ತದೆ. ಎರಡನೆಯದು ಸಂಪತ್ತು ಮತ್ತು ಅಧಿಕಾರವನ್ನು. ಮೂರನೆಯದು ಶತ್ರುಜಯವನ್ನು, ಮಳೆಬೆಳೆಯನ್ನು. ನಾಲ್ಕನೆಯದು ಹಾಲಿನ ಸಮೃದ್ಧಿಯನ್ನೂ ಯುದ್ಧದ ಉಪಶಮನವನ್ನೂ ತರುತ್ತದೆ ಎಂಬ ನಂಬಿಕೆ. ನಾಲ್ಕು ಕುಲಗಳನ್ನು ನಾಲ್ಕು ವರ್ಣಗಳೊಂದಿಗೆ ಹೊಂದಿಸಿರುವುದೂ ಉಂಟು.

ಗಜಶಾಸ್ತ್ರದ ಈ ಮನೋಭಾವ ನಮಗೆ ಅಪರಿಚಿತವಲ್ಲ. ಪಾಲಕಾಪ್ಯನ ಹೆಸರಿನಲ್ಲಿರುವ ಸಂಸ್ಕೃತದ ಗಜಶಾಸ್ತ್ರ, ತಲಕಾಡಿನ ಗಂಗ ಅರಸರ ಗಜಗ್ರಂಥಗಳು, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಆನೆಯ ಅಧ್ಯಾಯಗಳು ಇದೇ ವಿಶಾಲ ಪರಂಪರೆಗೆ ಸೇರಿದವು. ಸಿಯಾಮಿಗೆ ಈ ವಿದ್ಯೆ ನೇರವಾಗಿ ಭಾರತದಿಂದ ಹೋಗಲಿಲ್ಲ. ಬಹುಪಾಲು ಖ್ಮೇರ್ ಆಸ್ಥಾನದ ಮೂಲಕ ಹೋಯಿತು. ಥಾಯ್ ರಾಜಭಾಷೆಯಲ್ಲಿ ಸಂಸ್ಕೃತ, ಪಾಲಿಗಳ ಜೊತೆಗೆ ಖ್ಮೇರ್ ಪದಗಳು ಇಷ್ಟು ದಟ್ಟವಾಗಿರುವುದು ಈ ದಾರಿಯ ಗುರುತು.

ಹಳೆಯ ಲಕ್ಷಣಶಾಸ್ತ್ರ ಇಪ್ಪತ್ತನೆಯ ಶತಮಾನದಲ್ಲಿ ಕಾನೂನಿನ ಪರಿಚ್ಛೇದವಾಯಿತು. 1921ರ ಕಾಡಾನೆ ರಕ್ಷಣಾ ಕಾಯಿದೆ ವಿಶೇಷ ಆನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿತು. ಕಣ್ಣು, ಅಂಗುಳ, ಉಗುರು, ರೋಮ, ಚರ್ಮ, ಬಾಲದ ಕೂದಲು ಮತ್ತು ಜನನಾಂಗ, ಈ ಏಳೂ ಬಿಳಿಯಾಗಿದ್ದರೆ ಅದು ‘ಚಾಂಗ್ ಸಾಂಖಾನ್’. ಚರ್ಮ ಬಿಳಿಯಲ್ಲದೆ ಹೊಸ ಮಣ್ಣಿನ ಮಡಕೆಯ ಬಣ್ಣದ್ದಾಗಿದ್ದರೂ ಸಲ್ಲುತ್ತದೆ. ಏಳರಲ್ಲಿ ಕೆಲವು ಮಾತ್ರ ಇದ್ದರೆ ಅದು ‘ವಿಚಿತ್ರವರ್ಣದ ಆನೆ’. ಕಪ್ಪು ಚರ್ಮ, ಕಪ್ಪು ಉಗುರು, ಬಾಳೆಯ ಮೋತೆಯಂಥ ದಂತಗಳಿದ್ದರೆ ‘ಚಾಂಗ್ ನಿಯಂ’. ಈ ಮೂರರಲ್ಲಿ ಯಾವುದು ಯಾರ ಕೈಗೆ ಸಿಕ್ಕರೂ ಅದನ್ನು ಅರಸನಿಗೆ ಒಪ್ಪಿಸಬೇಕು. ಒಪ್ಪಿಸಿದವರಿಗೆ ಬಹುಮಾನ, ಬಚ್ಚಿಟ್ಟವರಿಗೆ ಶಿಕ್ಷೆ. ಆನೆಯ ಚಲನೆಯ ದಿಕ್ಕು ಇಲ್ಲಿ ಕೆಳಗಿನಿಂದ ಮೇಲಕ್ಕೆ ಎಂಬುದನ್ನು ಗಮನಿಸಬೇಕು. ಇಂಗ್ಲಿಷ್ ನುಡಿಗಟ್ಟಿನ ವಿಚಾರಕ್ಕೆ ಬಂದಾಗ ಈ ದಿಕ್ಕು ನಿರ್ಣಾಯಕವಾಗುತ್ತದೆ.

ಎಣಿಕೆಯ ಪದ, ಕಬ್ಬಿನ ಮೇಲಿನ ಹೆಸರು

ಥಾಯ್ ಭಾಷೆಯಲ್ಲಿ ಯಾವುದನ್ನು ಎಣಿಸುವಾಗಲೂ ಸಂಖ್ಯೆಯ ಜೊತೆಗೆ ಒಂದು ವರ್ಗಸೂಚಕ ಪದ ಬರುತ್ತದೆ. ಕನ್ನಡದ ‘ಇಬ್ಬರು’, ‘ಎರಡು’ ಎಂಬ ಭೇದವನ್ನು ಇನ್ನಷ್ಟು ವಿಸ್ತರಿಸಿದಂತೆ ಇದನ್ನು ಊಹಿಸಿಕೊಳ್ಳಬಹುದು. ಕಾಡಾನೆಯನ್ನು ಎಣಿಸುವಾಗ ಇತರ ಪ್ರಾಣಿಗಳಿಗೆ ಬಳಸುವ ‘ತುಅ’, ಅಂದರೆ ಮೈ ಅಥವಾ ದೇಹ, ಎಂಬ ಪದ ಬರುತ್ತದೆ. ಅದೇ ಆನೆ ಪಳಗಿದ ಮೇಲೆ ‘ಚುಅಕ್’ ಎಂದು ಎಣಿಸಲ್ಪಡುತ್ತದೆ. ಚುಅಕ್ ಎಂದರೆ ಹಗ್ಗ. ಅರಮನೆಯ ಲಾಯಕ್ಕೆ ಸೇರಿ ಪಟ್ಟ ಪಡೆದ ಮೇಲೆ ಅದರ ಎಣಿಕೆಯ ಪದ ‘ಚಾಂಗ್’, ಅಂದರೆ ಆನೆಯೇ. ಕಾಡಿನಲ್ಲಿ ದೇಹ, ಊರಿನಲ್ಲಿ ಹಗ್ಗ, ಅರಮನೆಯಲ್ಲಿ ತಾನೇ ತನ್ನ ಅಳತೆ: ವ್ಯಾಕರಣವೊಂದು ಸಾಮಾಜಿಕ ಶ್ರೇಣಿಯನ್ನು ಇಷ್ಟು ಅಚ್ಚುಕಟ್ಟಾಗಿ ದಾಖಲಿಸಿರುವ ಉದಾಹರಣೆಗಳು ಕಡಿಮೆ.

ಹಗ್ಗದಿಂದ ಆನೆಯಾಗುವ ಈ ಪರಿವರ್ತನೆ ನಡೆಯುವುದು ‘ಸೊಂಫೋತ್ ಖುನ್ ರವಾಂಗ್’ ಎಂಬ ರಾಜವಿಧಿಯಲ್ಲಿ. ಆನೆಯನ್ನು ಅರಮನೆಯ ಗಣತಿಗೆ ಸೇರಿಸಿಕೊಳ್ಳುವ ಸಮಾರಂಭವದು. ಬೌದ್ಧ ಭಿಕ್ಷುಗಳ ಪಠಣವೂ ಆಸ್ಥಾನದ ಬ್ರಾಹ್ಮಣರ ಕ್ರಿಯೆಗಳೂ ಒಟ್ಟಿಗೆ ನಡೆಯುತ್ತವೆ. ಅರಸನು ಮಂತ್ರಜಲವನ್ನು ಎರೆದು, ಹೊಸ ಹೆಸರನ್ನು ಕೆತ್ತಿದ ಕೆಂಪು ಕಬ್ಬಿನ ತುಂಡನ್ನು ಆನೆಗೆ ತಿನ್ನಿಸುತ್ತಾನೆ. ಆನೆ ತನ್ನ ಹೆಸರನ್ನು ತಾನೇ ತಿಂದು ಆ ಹೆಸರಿನದಾಗುತ್ತದೆ. ಹೆಸರಿಗೆ ಹೊಂದಿಕೊಂಡಂತೆ ‘ಫ್ರ’, ‘ಚಾವೊ ಫ್ರಯಾ’ ಮುಂತಾದ ಪದವಿಗಳೂ ಬರುತ್ತವೆ. ಚಾವೊ ಫ್ರಯಾ ಎಂಬುದು ಹಿರಿಯ ಮಂತ್ರಿಗಳಿಗೆ ಸಲ್ಲುತ್ತಿದ್ದ ಪದವಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿಧಿಯ ಅತ್ಯಂತ ಆಸಕ್ತಿಯ ಭಾಗ ಅದರ ಲಾಲಿ. ಆನೆಯನ್ನು ಸಂತೈಸುವ ‘ಕ್ಲೊಂ ಚಾಂಗ್’ ಎಂಬ ಒಂದು ಕಾವ್ಯಪ್ರಕಾರವೇ ಥಾಯ್‌ನಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಆಳಿದ ಅಯುತ್ಥಯಾದ ಅರಸ ನಾರಾಯಣನ ಕಾಲಕ್ಕೆ ಸೇರಿದವನೆಂದು ಹೇಳಲಾಗುವ ಖುನ್ ಥೇಪ್ ಕವಿಯ ಕೃತಿ ಇವುಗಳಲ್ಲಿ ಪ್ರಸಿದ್ಧ. ‘ಖುನ್’ ಪದವಿಯ ಪಕ್ಕದಲ್ಲಿ ನಿಂತಿರುವ ‘ದೇವಕವಿ’ ನಮಗೆ ಕೂಡಲೇ ಅರ್ಥವಾಗುತ್ತಾನೆ. ಅವನ ರಚನೆಯ ಪ್ರಕಾರ ‘ಛನ್’, ಅಂದರೆ ನಮ್ಮ ಛಂದಸ್ಸೇ. ಅದರ ಭಾಷೆಯಲ್ಲಿ ಖ್ಮೇರ್ ಪದಗಳು ತುಂಬಿವೆ. ಈ ಪ್ರಕಾರದ ಪದ್ಯಗಳು ಆನೆಗೆ ಹೇಳುವುದಿಷ್ಟೆ: ಕಾಡಿಗಾಗಿ, ಹಿಂಡಿಗಾಗಿ ಹಂಬಲಿಸಬೇಡ, ಕಾಡಿಗೆ ವಿದಾಯ ಹೇಳು, ಈ ನಗರದ ಸೊಗಸನ್ನು ನೋಡು, ಇಲ್ಲಿನ ನಡತೆಯನ್ನು ಕಲಿ. ಇವುಗಳನ್ನು ಹಾಡುವ ‘ಖಪ್ ಮೈ’ ಮೇಳದಲ್ಲಿ ಒಬ್ಬ ಗಾಯಕ, ಮೂರು ತಂತಿಯ ಪಿಟೀಲಿನಂಥ ‘ಸೊ ಸಾಮ್ ಸಾಯ್’ ಮತ್ತು ‘ಬಂಡೊ’ ಎಂಬ ಪುಟ್ಟ ಡಮರುಗ ಇರುತ್ತವೆ. ರಾಜಮನೆತನದ ಕೂಸನ್ನು ತೊಟ್ಟಿಲಿಗೆ ಹಾಕುವ ವಿಧಿಯಲ್ಲಿ ನುಡಿಸುತ್ತಿದ್ದುದೂ ಇದೇ ಮೇಳ.

ತೊಟ್ಟಿಲಿನ ಹಾಡು ಮತ್ತು ಸೆರೆಯ ಹಾಡು ಒಂದೇ ಮೇಳದಲ್ಲಿ ಕೂಡಿರುವುದು ಆಕಸ್ಮಿಕವಲ್ಲ. ಕಾಡಿನ ಜೀವವೊಂದನ್ನು ರಾಜ್ಯದೊಳಕ್ಕೆ ತಂದಾಗ ಅದಕ್ಕೆ ಹೊಸ ಹುಟ್ಟು, ಹೊಸ ಹೆಸರು, ಹೊಸ ಭಾಷೆ ಬೇಕಾಗುತ್ತದೆ. ಹಳೆಯದನ್ನು ಮರೆಯುವುದು ಆ ಹುಟ್ಟಿನ ಷರತ್ತು. ಕ್ಲೊಂ ಚಾಂಗ್ ಪದ್ಯಗಳಲ್ಲಿ ಅಂತಃಕರಣವಿದೆ. ಆದರೆ ಆ ಅಂತಃಕರಣ ಮಾತಾಡುವುದು ಹಗ್ಗ ಹಿಡಿದವರ ಕಡೆಯಿಂದ.

ಕೊಡಲಾಗದ ಆನೆ

ಬೌದ್ಧ ಚಕ್ರವರ್ತಿಯ ಏಳು ರತ್ನಗಳಲ್ಲಿ ಹಸ್ತಿರತ್ನ ಒಂದು. ಬುದ್ಧನ ತಾಯಿ ಮಾಯಾದೇವಿ ಕನಸಿನಲ್ಲಿ ಕಂಡದ್ದು ಬಿಳಿಯಾನೆಯನ್ನು. ಹೀಗಾಗಿ ಬಿಳಿಯಾನೆ ದೊರೆಯಿತೆಂದರೆ ಅರಸನು ಧರ್ಮಿಷ್ಠ ಎಂಬುದಕ್ಕೆ ಪ್ರಕೃತಿಯೇ ಕೊಟ್ಟ ಸಾಕ್ಷಿ. ಅಯುತ್ಥಯಾದಲ್ಲಿ 1548ರಲ್ಲಿ ಪಟ್ಟಕ್ಕೆ ಬಂದ ಅರಸನ ಹೆಸರೇ ಮಹಾ ಚಕ್ಕ್ರಫತ್, ಅಂದರೆ ಮಹಾಚಕ್ರವರ್ತಿ. ಅವನ ಬಳಿ ಏಳು ಬಿಳಿಯಾನೆಗಳಿದ್ದವು. ‘ಬಿಳಿಯಾನೆಗಳ ಒಡೆಯ’ ಎಂಬ ಬಿರುದು ಅವನಿಗೆ ಸಂದಿತು.

ನೆರೆಯ ಬರ್ಮಾದ ಅರಸ ಬಯಿನ್ನೌಂಗ್ ಎರಡು ಬಿಳಿಯಾನೆಗಳನ್ನು ಕೇಳಿ ಕಳಿಸಿದ. ಕೊಟ್ಟರೆ ಅಧೀನತೆಯನ್ನು ಒಪ್ಪಿದಂತೆ, ಕೊಡದಿದ್ದರೆ ಯುದ್ಧಕ್ಕೆ ಕಾರಣ ಕೊಟ್ಟಂತೆ. ಚಕ್ಕ್ರಫತ್ ಕೊಡಲಿಲ್ಲ. 1563ರ ಕೊನೆಯಲ್ಲಿ ಆರಂಭವಾದ ದಂಡಯಾತ್ರೆ 1564ರಲ್ಲಿ ಅಯುತ್ಥಯಾದ ಶರಣಾಗತಿಯಲ್ಲಿ ಮುಗಿಯಿತು. ಸಿಯಾಮಿನ ವೃತ್ತಾಂತಗಳ ಪ್ರಕಾರ ಎರಡರ ಬದಲು ನಾಲ್ಕು ಬಿಳಿಯಾನೆಗಳನ್ನು ಒಪ್ಪಿಸಬೇಕಾಯಿತು. ರಾಜಕುಮಾರನೂ ಒತ್ತೆಯಾಳಾಗಿ ಹೋದ. 1569ರಲ್ಲಿ ನಗರ ಪೂರ್ತಿಯಾಗಿ ಬಿತ್ತು. ಪೆಗುವಿನ ಅರಸನಿಗೆ ಬೇಕಾದದ್ದು ಇಡೀ ಪ್ರಾಂತದ ಮೇಲಿನ ಪ್ರಭುತ್ವ. ಆನೆ ನೆಪವಾಯಿತು ಎಂದು ಆಧುನಿಕ ಓದುಗರಿಗೆ ಅನ್ನಿಸುವುದು ಸಹಜ. ಆದರೆ ಆ ನೆಪ ಎರಡೂ ಕಡೆಯವರಿಗೆ ಅರ್ಥವಾಗುವಂಥದ್ದಾಗಿತ್ತು ಎಂಬುದೇ ಮುಖ್ಯ. ಪ್ರಭುತ್ವದ ವಾದವನ್ನು ಆನೆಯ ಭಾಷೆಯಲ್ಲಿ ಮಂಡಿಸಬಹುದಾಗಿತ್ತು. ಎರಡು ಶತಮಾನಗಳ ತರುವಾಯ, 1767ರಲ್ಲಿ, ಅಯುತ್ಥಯಾವನ್ನು ಸುಟ್ಟು ಹಾಳುಗೆಡವಿದ ಸೈನ್ಯವನ್ನು ಕಳುಹಿಸಿದ ಬರ್ಮಾದ ಅರಸನ ಹೆಸರು ಸಿನ್‌ಬ್ಯೂಶಿನ್. ಆ ಹೆಸರಿನ ಅರ್ಥವೂ ಬಿಳಿಯಾನೆಯ ಒಡೆಯ ಎಂದೇ.

ಇದೇ ಕಾಲದ ಯುದ್ಧಗಳು ಥಾಯ್ ರಾಷ್ಟ್ರೀಯ ಸ್ಮೃತಿಗೆ ಇನ್ನೊಂದು ಚಿತ್ರವನ್ನು ಕೊಟ್ಟವು. 1593ರ ಜನವರಿಯಲ್ಲಿ ನೊಂಗ್ ಸರಾಯ್ ಎಂಬಲ್ಲಿ ಅರಸ ನರೇಸುಅನ್ ಆನೆಯ ಮೇಲಿನ ದ್ವಂದ್ವಯುದ್ಧದಲ್ಲಿ ಬರ್ಮಾದ ಯುವರಾಜನನ್ನು ಕೊಂದನೆಂದು ಸಿಯಾಮಿನ ವೃತ್ತಾಂತಗಳು ಹೇಳುತ್ತವೆ. ಯುವರಾಜ ಗುಂಡೇಟಿನಿಂದ ಸತ್ತನೆಂದು ಬರ್ಮಾದ ವೃತ್ತಾಂತಗಳು ಹೇಳುತ್ತವೆ. ನರೇಸುಅನನ ಆನೆಯ ಹೆಸರು ಚೈಯಾನುಫಾಪ್, ಅಂದರೆ ಜಯಾನುಭಾವ. ಗೆಲುವಿನ ನಂತರ ಅದಕ್ಕೆ ‘ಹಂಸವತಿಯನ್ನು ಮಣಿಸಿದ ಚಾವೊ ಫ್ರಯಾ’ ಎಂಬ ಪದವಿ ಬಂತು. ಹಂಸವತಿ ಎಂದರೆ ಪೆಗು. ಥಾಯ್ಲೆಂಡ್ ಇಂದು ಜನವರಿ 18ನ್ನು ಸೇನಾದಿನವಾಗಿ ಆಚರಿಸುತ್ತದೆ. ಸುಫನ್ ಬುರಿಯ ಡೊನ್ ಚೇಡಿ ಸ್ಮಾರಕದ ಬಳಿ ಪ್ರತಿ ಜನವರಿಯ ಜಾತ್ರೆಯಲ್ಲಿ ಆ ದ್ವಂದ್ವವನ್ನು ಆನೆಗಳೊಂದಿಗೆ ಮರುನಟಿಸುತ್ತಾರೆ.

ಆನೆಗಳ ಆಡಳಿತವೂ ರಾಜ್ಯಶಕ್ತಿಯ ಒಂದು ಕೇಂದ್ರವೇ ಆಗಿತ್ತು. ಅಯುತ್ಥಯಾದ ‘ಕ್ರೊಮ್ ಖೊಚಬಾನ್’, ಅಂದರೆ ಗಜಪಾಲ ಇಲಾಖೆ, ಎಷ್ಟು ಬಲಿಷ್ಠವಾಗಿತ್ತೆಂದರೆ ಅದರ ಮುಖ್ಯಸ್ಥನಾಗಿದ್ದ ಫೆತ್ರಾಚಾ 1688ರಲ್ಲಿ ಸಿಂಹಾಸನವನ್ನೇ ವಶಪಡಿಸಿಕೊಂಡ.

ಬಾವುಟ, ಪದಕ, ಪತ್ರ

ಹತ್ತೊಂಬತ್ತನೆಯ ಶತಮಾನದಲ್ಲಿ ಯುದ್ಧಭೂಮಿಯಿಂದ ಆನೆ ಮರೆಯಾಗಿ ಚಿಹ್ನೆಯಾಯಿತು. ಎರಡನೆಯ ರಾಮನ ಆಳ್ವಿಕೆಯಲ್ಲಿ ಮೂರು ಬಿಳಿಯಾನೆಗಳು ದೊರೆತದ್ದರಿಂದ ಕೆಂಪು ಬಾವುಟದ ಚಕ್ರದ ನಡುವೆ ಬಿಳಿಯಾನೆಯ ಚಿತ್ರ ಬಂತು. ಅರಸ ಮೊಂಗ್‌ಕುಟ್ ಚಕ್ರವನ್ನು ತೆಗೆದು ಕೆಂಪಿನ ಮೇಲೆ ಬಿಳಿಯಾನೆಯನ್ನಷ್ಟೇ ಉಳಿಸಿದ. 1861ರಲ್ಲಿ ಅವನೇ ಬಿಳಿಯಾನೆಯ ಹೆಸರಿನ ರಾಜಪದಕವನ್ನು ಸ್ಥಾಪಿಸಿದ. 1917ರ ಸೆಪ್ಟೆಂಬರಿನಲ್ಲಿ, ಮೊದಲ ಮಹಾಯುದ್ಧದ ನಡುವೆ, ಇಂದಿನ ತ್ರಿವರ್ಣ ಬಾವುಟ ಬಂದಾಗ ಆನೆ ನೌಕಾಪಡೆಯ ಧ್ವಜಕ್ಕೆ ಸರಿಯಿತು. ಅಲ್ಲಿ ಅದು ಇಂದಿಗೂ ಇದೆ.

ಮೊಂಗ್‌ಕುಟ್ 1861ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರಿಗೆ ಬರೆದ ಪತ್ರ ಪ್ರಸಿದ್ಧ. ಅಮೆರಿಕದಲ್ಲಿ ಆನೆಗಳಿಲ್ಲವೆಂದು ಕೇಳಿ, ಹಲವು ಜೋಡಿ ಆನೆಗಳನ್ನು ಕಳುಹಿಸುವುದಾಗಿಯೂ ಅವುಗಳನ್ನು ಅಲ್ಲಿನ ಕಾಡುಗಳಲ್ಲಿ ಬಿಟ್ಟು ಸಂತತಿ ಬೆಳೆಸಬಹುದೆಂದೂ ಅವನು ಸೂಚಿಸಿದ್ದ. ಪತ್ರ ತಲುಪುವ ಹೊತ್ತಿಗೆ ಬ್ಯೂಕ್ಯಾನನ್ ಹೋಗಿ ಲಿಂಕನ್ ಬಂದಿದ್ದರು. 1862ರ ಫೆಬ್ರವರಿಯ ಉತ್ತರದಲ್ಲಿ ಲಿಂಕನ್ ತಮ್ಮ ದೇಶದ ಹವೆ ಆನೆಗೆ ಒಗ್ಗದೆಂದೂ, ತಮ್ಮಲ್ಲಿ ನೆಲದ ಮೇಲೂ ನೀರಿನ ಮೇಲೂ ಉಗಿಯಂತ್ರವೇ ಸಾಗಣೆಯ ಉತ್ತಮ ಸಾಧನವೆಂದೂ ವಿನಯದಿಂದ ತಿಳಿಸಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ತಮಾಷೆಯಾಗಿ ಹೇಳಲಾಗುತ್ತದೆ. ಆದರೆ ಇಂಗ್ಲಿಷನ್ನು ಚೆನ್ನಾಗಿ ಬಲ್ಲ, ಖಗೋಳವನ್ನು ಅಭ್ಯಾಸ ಮಾಡಿದ ಅರಸನೊಬ್ಬ ಇಲ್ಲಿ ಕೊಡಮಾಡಿದ್ದು ಕೆಲಸಕ್ಕೆ ಬರುವ ಸಾಮಾನ್ಯ ಆನೆಗಳನ್ನು, ಬಿಳಿಯಾನೆಯನ್ನಲ್ಲ. ಬಿಳಿಯಾನೆ ಕೊಡುವ ವಸ್ತುವಲ್ಲ. ಅವನ ಮಗ ಚುಲಲೊಂಗ್‌ಕೊರ್ನ್ 1871ರ ವಿದೇಶಯಾತ್ರೆಯ ನೆನಪಿಗೆ ಸಿಂಗಪುರಕ್ಕೂ ಬತಾವಿಯಕ್ಕೂ ಕೊಟ್ಟದ್ದು ಕಂಚಿನ ಆನೆಗಳನ್ನು.

ನುಡಿಗಟ್ಟಿನ ಹುಟ್ಟು

ಈಗ ಇಂಗ್ಲಿಷ್ ನುಡಿಗಟ್ಟಿಗೆ ಬರಬಹುದು. ಅದರ ಹಿಂದಿನ ಕಥೆ ಹೀಗಿದೆ: ಸಿಯಾಮಿನ ಅರಸನು ತನಗಾಗದ ಆಸ್ಥಾನಿಕನಿಗೆ ಬಿಳಿಯಾನೆಯನ್ನು ದಾನ ಮಾಡುತ್ತಿದ್ದ, ಪವಿತ್ರವಾದ್ದರಿಂದ ಅದನ್ನು ದುಡಿಸುವಂತಿಲ್ಲ, ರಾಜದತ್ತವಾದ್ದರಿಂದ ಮಾರುವಂತಿಲ್ಲ, ಸಾಕಿ ಸಾಕಿ ಆಸ್ಥಾನಿಕ ದಿವಾಳಿಯಾಗುತ್ತಿದ್ದ. ಕಥೆ ಚೆನ್ನಾಗಿದೆ. ಆದರೆ ಇಂಥ ದಾನದ ದಾಖಲೆ ಚರಿತ್ರಕಾರರಿಗೆ ದೊರೆತಿಲ್ಲ. ಅಷ್ಟೇ ಅಲ್ಲ, ಮೇಲೆ ನೋಡಿದ ಪ್ರತಿಯೊಂದು ಸಂಗತಿಯೂ ಈ ಕಥೆಗೆ ಎದುರಾಗಿ ನಿಲ್ಲುತ್ತದೆ. ಸಂಪ್ರದಾಯವೂ ನಂತರದ ಕಾಯಿದೆಯೂ ಆನೆಯನ್ನು ಪ್ರಜೆಯಿಂದ ಅರಸನ ಕಡೆಗೆ ಒಯ್ಯುತ್ತವೆ. ಅರಸನಿಂದ ಪ್ರಜೆಯ ಕಡೆಗೆ ಒಯ್ಯುವುದಿಲ್ಲ. ಎರಡು ಆನೆಗಳನ್ನು ಕೊಡುವುದಕ್ಕಿಂತ ಯುದ್ಧವೇ ವಾಸಿಯೆಂದು ಚಕ್ಕ್ರಫತ್ ಬಗೆದ.

ಥಾಯ್ ಜನರಿಗೆ ಅತ್ಯಂತ ಪ್ರಿಯವಾದ ಜಾತಕಕಥೆ ವೆಸ್ಸಂತರನದು. ಮಳೆ ತರುವ ಬಿಳಿಯಾನೆಯನ್ನು ಬರಗಾಲದಿಂದ ಬಳಲುತ್ತಿದ್ದ ಕಳಿಂಗದವರಿಗೆ ದಾನ ಮಾಡಿದ್ದಕ್ಕಾಗಿ ಪ್ರಜೆಗಳು ಆ ರಾಜಕುಮಾರನನ್ನು ಕಾಡಿಗೆ ಅಟ್ಟುತ್ತಾರೆ. ಊರೂರಿನ ವಿಹಾರಗಳಲ್ಲಿ ವರ್ಷವರ್ಷವೂ ಈ ಕಥೆಯನ್ನು ಪಠಿಸುವ ಸಮಾಜದಲ್ಲಿ ಬಿಳಿಯಾನೆಯ ದಾನ ಎಂಬುದು ಬೋಧಿಸತ್ವನಿಗೆ ಮಾತ್ರ ಸಾಧ್ಯವಾದ ಅತಿಶಯ. ಅದನ್ನು ಸೇಡಿನ ಉಪಾಯವಾಗಿ ಕಲ್ಪಿಸಿಕೊಳ್ಳಲು ಹೊರಗಿನ ಕಣ್ಣೇ ಬೇಕು.

ಆ ಕಣ್ಣು ಎಂಥದು? ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲೂ ಅಮೆರಿಕದಲ್ಲೂ ಸಿಯಾಮ್ ‘ಬಿಳಿಯಾನೆಯ ನಾಡು’ ಆಗಿತ್ತು. ಅಮೆರಿಕದ ಪ್ರವಾಸಿ ಫ್ರಾಂಕ್ ವಿನ್ಸೆಂಟ್ 1873ರಲ್ಲಿ ಪ್ರಕಟಿಸಿದ ಪ್ರವಾಸಕಥನದ ಶೀರ್ಷಿಕೆಯೂ ಅದೇ. ದುಡಿಯದ ಪ್ರಾಣಿಗೆ ಸೇವಕರು, ಕೊಡೆ, ಆಭರಣ: ಲಾಭನಷ್ಟದ ಲೆಕ್ಕದಲ್ಲಿ ನಂಬಿಕೆಯಿಟ್ಟ ನೋಟಕ್ಕೆ ಇದು ಅಪವ್ಯಯದ ಪರಾಕಾಷ್ಠೆಯಾಗಿ ಕಂಡಿತು. 1884ರಲ್ಲಿ ಸರ್ಕಸ್ಸಿನ ಬಾರ್ನಮ್ ಬರ್ಮಾದಿಂದ ಬಿಳಿಯಾನೆಯೊಂದನ್ನು ಬಹಳ ಹಣ ಕೊಟ್ಟು ಅಮೆರಿಕಕ್ಕೆ ತರಿಸಿದಾಗ ಜನರಿಗೆ ನಿರಾಸೆಯಾಯಿತು. ಅದು ಬೂದಿಬಣ್ಣದ ಮೇಲೆ ಅಲ್ಲಲ್ಲಿ ಪೇಲವ ಕಲೆಗಳಿದ್ದ ಆನೆ. ಪ್ರತಿಸ್ಪರ್ಧಿ ಫೋರ್‌ಪಾ ಒಂದು ಸಾಮಾನ್ಯ ಆನೆಗೆ ಬಿಳಿ ಬಣ್ಣ ಬಳಿದು ಮೆರೆಸಿದ. ಹೆಸರನ್ನು ಅಕ್ಷರಶಃ ಅನುವಾದಿಸಿಕೊಂಡು, ಲಕ್ಷಣಶಾಸ್ತ್ರವನ್ನು ಬಿಟ್ಟುಬಿಟ್ಟರೆ ಇದೇ ಆಗುತ್ತದೆ. ‘ಬಿಳಿ’ ಎಂಬ ಪದ ದಾಟಿತು. ಅದರ ವ್ಯಾಕರಣ ದಾಟಲಿಲ್ಲ. ಆ ಅರೆದಾಟಿದ ಪದವನ್ನೇ ನಾವು ಕನ್ನಡಕ್ಕೆ ತಂದುಕೊಂಡು, ನಮ್ಮದೇ ಐರಾವತದ ಪಕ್ಕದಲ್ಲಿ ಕಟ್ಟಿದ್ದೇವೆ.

ಹಗ್ಗ ಹಿಡಿದವರ ಭಾಷೆ

ಇಲ್ಲಿಯವರೆಗಿನ ಚರ್ಚೆ ಎರಡು ಪ್ರಬಲ ಭಾಷೆಗಳ ನಡುವಿನದು. ಮೂರನೆಯದೊಂದಿದೆ. ಥಾಯ್ಲೆಂಡಿನ ಈಶಾನ್ಯದ ಸುರಿನ್, ಸೀಸಕೇತ್ ಪ್ರಾಂತಗಳಲ್ಲಿ, ಗಡಿಯಾಚೆ ಕಾಂಬೋಡಿಯಾ ಮತ್ತು ಲಾವೋಸಿನಲ್ಲಿ ಕುಯಿ ಜನ ವಾಸಿಸುತ್ತಾರೆ. ಅವರ ಭಾಷೆ ಥಾಯ್ ಕುಟುಂಬದ್ದಲ್ಲ. ಆಸ್ಟ್ರೋಏಷ್ಯಾಟಿಕ್ ಕುಟುಂಬದ ಕಾತು ಶಾಖೆಗೆ ಸೇರಿದ್ದು. ‘ಕುಯಿ’ ಎಂದರೆ ಅವರ ನುಡಿಯಲ್ಲಿ ಮನುಷ್ಯ. ಥಾಯ್‌ಗಳು ಅವರನ್ನು ಬಹುಕಾಲ ‘ಸುಅಯ್’ ಎಂದು ಕರೆದರು. ಅದರ ಅರ್ಥ ಕಪ್ಪಕಾಣಿಕೆ. ರಾಜ್ಯಕ್ಕೆ ಕಾಡಿನ ಉತ್ಪನ್ನಗಳನ್ನು ತೆರಿಗೆಯಾಗಿ ಕೊಡಬೇಕಾಗಿದ್ದ ಜನಕ್ಕೆ ಆ ತೆರಿಗೆಯೇ ಹೆಸರಾಯಿತು. ಆ ಉತ್ಪನ್ನಗಳಲ್ಲಿ ಹಿರಿದಾದದ್ದು ಆನೆ. ಕುಯಿಗಳು ಪರಂಪರೆಯಿಂದ ಆನೆ ಹಿಡಿಯುವವರು.

ಸುರಿನ್ ಪಟ್ಟಣದ ಮೂಲಕಥೆಯೂ ಬಿಳಿಯಾನೆಯದೇ. ಸ್ಥಳೀಯ ವೃತ್ತಾಂತಗಳ ಪ್ರಕಾರ 1759ರ ಸುಮಾರಿಗೆ ಅಯುತ್ಥಯಾದ ಲಾಯದಿಂದ ಬಿಳಿಯಾನೆಯೊಂದು ಬಿಡಿಸಿಕೊಂಡು ಈಶಾನ್ಯದ ಕಾಡಿಗೆ ಓಡಿಹೋಯಿತು. ಬೆನ್ನಟ್ಟಿ ಬಂದ ರಾಜಾಧಿಕಾರಿಗಳಿಗೆ ಅದನ್ನು ಹಿಡಿದುಕೊಟ್ಟವರು ಕುಯಿ ಮುಖಂಡರು. ಪ್ರತಿಫಲವಾಗಿ ಅವರಿಗೆ ಪದವಿಗಳು ಬಂದವು. ಅವರ ಹಳ್ಳಿಗಳು ಪಟ್ಟಣಗಳಾದವು. ಮುಖಂಡರಲ್ಲೊಬ್ಬನಾದ ಚಿಯಾಂಗ್ ಪುಮ್ ‘ಸುರಿನ್ ಫಕ್ಡಿ’ ಎಂಬ ಪದವಿ ಪಡೆದ. ಸುರೇಂದ್ರಭಕ್ತಿ ಎಂದು ನಾವು ಅದನ್ನು ಓದಿಕೊಳ್ಳಬಹುದು. ಅವನ ಪದವಿಯಿಂದಲೇ ಊರಿಗೆ ಹೆಸರು ಬಂತು. ಕಾಡಿಗೆ ಮರಳಿದ ಆನೆಯನ್ನು ಹಿಡಿದುಕೊಟ್ಟವನಿಗೆ ಆನೆಗೆ ಆದದ್ದೇ ಆಯಿತು: ಅರಮನೆ ಹೊಸ ಹೆಸರು ಕೊಟ್ಟಿತು, ಪದವಿ ಕೊಟ್ಟಿತು, ತನ್ನ ಗಣತಿಗೆ ಸೇರಿಸಿಕೊಂಡಿತು.

ಕುಯಿಗಳ ಆನೆಹಿಡಿಯುವ ವಿದ್ಯೆಯ ಕೇಂದ್ರದಲ್ಲಿದ್ದದ್ದು ‘ಪಕಮ್’, ಅಂದರೆ ಎಮ್ಮೆಯ ತೊಗಲಿನಿಂದ ಹೊಸೆದ ಪಾಶ. ಆ ಹಗ್ಗಕ್ಕೆ ಗುಡಿಯುಂಟು. ಅದರಲ್ಲಿ ಪೂರ್ವಿಕರ ಚೈತನ್ಯ ನೆಲೆಸಿದೆಯೆಂಬ ನಂಬಿಕೆಯುಂಟು. ಬೇಟೆಗೆ ಹೋದವರು ಕಾಡಿನಲ್ಲಿ ದಿನಬಳಕೆಯ ಮಾತನ್ನು ಬಿಟ್ಟು ಪಕಮಿನ ಗುಪ್ತ ಪದಗಳನ್ನೇ ಆಡಬೇಕು. ಮನೆಯಲ್ಲಿ ಉಳಿದ ಹೆಂಗಸರೂ ನಿಷೇಧಗಳನ್ನು ಪಾಲಿಸಬೇಕು. ಹೊಸಬನಾದ ‘ಮ’ನಿಂದ ಹಿಡಿದು ಎಲ್ಲರ ಮೇಲಿನ ‘ಖ್ರುಬಾ ಯೈ’ವರೆಗೆ ಶ್ರೇಣಿಗಳಿದ್ದವು. ಹಿಡಿದ ಆನೆಗಳ ಲೆಕ್ಕದ ಮೇಲೆ ಶ್ರೇಣಿ ಏರುತ್ತಿತ್ತು. ಥಾಯ್ ಎಣಿಕೆಯಲ್ಲಿ ಹಗ್ಗ ಆನೆಯ ಕೆಳದರ್ಜೆಯ ಗುರುತು. ಕುಯಿ ಲೋಕದಲ್ಲಿ ಅದೇ ಹಗ್ಗ ದೇವರು. ಒಂದೇ ವಸ್ತು ಎರಡು ಭಾಷೆಗಳಲ್ಲಿ ಎರಡು ಅಂತಸ್ತು ಪಡೆದಿದೆ.

ಬೇಟೆಯ ಕಾಡುಗಳು ಬಹುಪಾಲು ಕಾಂಬೋಡಿಯಾದ ಕಡೆ ಇದ್ದವು. 1950ರ ದಶಕದ ಕೊನೆಯಲ್ಲಿ ಎರಡು ದೇಶಗಳ ಸಂಬಂಧ ಕೆಟ್ಟು ಗಡಿ ಬಿಗಿಯಾಯಿತು, ಬೇಟೆ ನಿಂತುಹೋಯಿತು. 1960ರಲ್ಲಿ ಸುರ���ನ್ ಪ್ರಾಂತದ ಥಾ ಥೂಮ್‌ನಲ್ಲಿ ಆನೆಗಳ ವಾರ್ಷಿಕ ಉತ್ಸವ ಶುರುವಾಯಿತು. ಇಂದು ಪ್ರತಿ ನವೆಂಬರಿನಲ್ಲಿ ಸುರಿನ್ ನಗರದಲ್ಲಿ ನಡೆಯುವ ಆ ಉತ್ಸವದಲ್ಲಿ ಹಳೆಯ ಬೇಟೆ, ಹಳೆಯ ಯುದ್ಧ ಎರಡನ್ನೂ ಪ್ರವಾಸಿಗರ ಮುಂದೆ ಅಭಿನಯಿಸುತ್ತಾರೆ. ಒಂದು ಜೀವನಕ್ರಮ ನಿಂತ ಹೊತ್ತಿಗೇ ಅದರ ಪ್ರದರ್ಶನ ಆರಂಭವಾದದ್ದು ಕಾಕತಾಳೀಯವೆನಿಸುವುದಿಲ್ಲ. 1989ರ ಜನವರಿಯಲ್ಲಿ ಮರ ಕಡಿಯುವುದನ್ನು ಸರ್ಕಾರ ನಿಷೇಧಿಸಿದ ಮೇಲೆ ನಾಟಾ ಎಳೆಯುತ್ತಿದ್ದ ಆನೆಗಳೂ ಕೆಲಸ ಕಳೆದುಕೊಂಡವು. ಮಾವುತರು ಆನೆಗಳೊಂದಿಗೆ ಬ್ಯಾಂಕಾಕಿನ ಬೀದಿಗಳಲ್ಲಿ ಕಬ್ಬು, ಬಾಳೆಹಣ್ಣು ಮಾರುತ್ತ ಅಲೆಯುವ ದೃಶ್ಯ ಸಾಮಾನ್ಯವಾಯಿತು. ಕಾನೂನಿನ ಕಣ್ಣಿನಲ್ಲಿ ಆ ಆನೆಗಳು 1939ರ ಕಾಯಿದೆಯ ಪ್ರಕಾರ ಎತ್ತು, ಎಮ್ಮೆ, ಕುದುರೆ, ಕತ್ತೆಗಳಂತೆ ಹೊರೆಯ ಪ್ರಾಣಿಗಳು. 1998ರಲ್ಲಿ ಮಾರ್ಚ್ 13ನ್ನು ರಾಷ್ಟ್ರೀಯ ಆನೆ ದಿನವೆಂದು ಘೋಷಿಸಿದ ಸಂದರ್ಭದಲ್ಲಿ ಇಂಥ ಆನೆಗಳೂ ಅದೇ ರಾಜಧಾನಿಯಲ್ಲಿದ್ದವು.

ಬೇಟೆ ನಿಂತದ್ದು ಆನೆಗಳಿಗೆ ಒಳ್ಳೆಯದೇ ಆಯಿತೆಂದು ಹೇಳಬಹುದು. ಅದು ಸರಿಯಾದ ಮಾತೂ ಹೌದು. ಆದರೆ ಭಾಷೆಯ ದೃಷ್ಟಿಯಿಂದ ಆದ ಪರಿಣಾಮ ಬೇರೆ. ಆನೆ ಹಿಡಿದೇ ಶ್ರೇಣಿ ಏರಬೇಕಾದ್ದರಿಂದ ಬೇಟೆ ನಿಂತ ಮೇಲೆ ಹೊಸ ಖ್ರುಬಾ ಆಗುವ ದಾರಿಯೇ ಇಲ್ಲ. ಪಕಮಿನ ಗುಪ್ತ ಪದಗಳನ್ನು ಅಧಿಕಾರದಿಂದ ಆಡಬಲ್ಲವರು ಹಿರಿಯರಷ್ಟೇ ಉಳಿದರು. ‘ಅಚಿಯಾಂಗ್’ ಎಂಬ ಕುಯಿ ಪದ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿದ್ದರೂ, ಶಾಲೆಯಲ್ಲಿ, ಉತ್ಸವದ ಧ್ವನಿವರ್ಧಕದಲ್ಲಿ, ಕಾಯಿದೆಯಲ್ಲಿ ಇರುವುದು ‘ಚಾಂಗ್’.

ಪುಡಿ ಬಳಿದ ಆನೆಗಳು

ಅರಸ ಭೂಮಿಬೋಲರ ಆಳ್ವಿಕೆಯ ಮೊದಲ ಬಿಳಿಯಾನೆ 1956ರಲ್ಲಿ ದಕ್ಷಿಣದ ಕ್ರಾಬಿಯಲ್ಲಿ ದೊರೆತು, ಪಟ್ಟ ಪಡೆದು, 2010ರವರೆಗೆ ಬದುಕಿತು. ಬ್ಯಾಂಕಾಕಿನ ದುಸಿತ್ ಅರಮನೆಯ ಹಳೆಯ ಲಾಯ ಮುಂದೆ ವಸ್ತುಸಂಗ್ರಹಾಲಯವಾಗಿತ್ತು. ರಾಜಾನೆಗಳನ್ನು ಈಗ ಲಾಂಪಾಂಗ್‌ನಂಥ ದೂರದ ಕೇಂದ್ರಗಳಲ್ಲಿ, ಸಾರ್ವಜನಿಕರ ಕಣ್ಣಿನಿಂದ ಹೊರಗೆ ಸಾಕಲಾಗುತ್ತದೆ. 2016ರ ಅಕ್ಟೋಬರಿನಲ್ಲಿ ಭೂಮಿಬೋಲರು ತೀರಿಕೊಂಡಾಗ, ನವೆಂಬರಿನಲ್ಲಿ 11 ಆನೆಗಳು ಮಹಾ ಅರಮನೆಯ ಗೋಡೆಯ ಮುಂದೆ ಮೊಣಕಾಲೂರಿ ನಮಿಸಿದವು. 2019ರ ಮೇ ತಿಂಗಳ ಪಟ್ಟಾಭಿಷೇಕದ ನಂತರವೂ ಆನೆಗಳ ಅಂಥದೇ ಮೆರವಣಿಗೆ ನಡೆಯಿತು. ಅವು ಅಯುತ್ಥಯಾದಲ್ಲಿ ಪ್ರವಾಸಿಗರನ್ನು ಹೊರುವ ಆನೆಗಳು; ಮೈಗೆ ಬಿಳಿ ಪುಡಿ ಬಳಿದು ಬಿಳಿಯಾನೆಗಳಾದವು.

ಫೋರ್‌ಪಾನ ಬಣ್ಣ ಬಳಿದ ಆನೆಯನ್ನು ಇದಕ್ಕೆ ಹೋಲಿಸುವುದು ಸುಲಭ; ಆದರೆ ತಪ್ಪು. ಅಲ್ಲಿ ಬಣ್ಣ ಮೋಸ. ಇಲ್ಲಿ ಪುಡಿ ವೇಷ, ಎಲ್ಲರಿಗೂ ಗೊತ್ತಿರುವ ವೇಷ. ಯಕ್ಷಗಾನದ ಬಣ್ಣವನ್ನು ಕಂಡು ಯಾರೂ ಮೋಸಹೋದೆವೆನ್ನುವುದಿಲ್ಲ. ದುಃಖದ ಆ ದಿನ ನೆರೆದ ಜನರಿಗೆ ಆ ಆನೆಗಳು ಬಿಳಿಯಾಗಿಯೇ ಇದ್ದವು. ಆದರೂ ಒಂದು ಮಾತು ಉಳಿಯುತ್ತದೆ. ಪುಡಿಯ ಕೆಳಗಿನ ಆನೆ ‘ಚುಅಕ್’ ಎಂದು ಎಣಿಸಲ್ಪಡುವ ಹಗ್ಗದಾನೆ. ಮೆರವಣಿಗೆ ಮುಗಿದ ಮೇಲೆ ಪುಡಿ ತೊಳೆದುಹೋಗುತ್ತದೆ, ಎಣಿಕೆಯ ಪದ ಬದಲಾಗುವುದಿಲ್ಲ.

ನೀಲಗಿರಿ, ವಯನಾಡು, ಕೊಡಗಿನ ಕಾಡಂಚುಗಳಲ್ಲಿ ಜೇನುಕುರುಬ, ಕಾಟ್ಟುನಾಯಕ ಮಾವುತರು ಕನ್ನಡಕ್ಕೆ ಹತ್ತಿರದ ತಮ್ಮ ನುಡಿಗಳಲ್ಲಿ ಆನೆಯೊಂದಿಗೆ ಮಾತಾಡುವುದನ್ನು ಬಲ್ಲ ಓದುಗರಿಗೆ ಕುಯಿ ಜನರ ಕಥೆ ದೂರದ್ದೆನಿಸಲಾರದು. ಎರಡೂ ಕಡೆ ಕಾಡಿನ ಮೇಲೆ ಗಡಿಗಳು ಬಿದ್ದಿವೆ. ಎರಡೂ ಕಡೆ ಮೆರವಣಿಗೆಯ ಆನೆಗೆ ಸಿಗುವ ಗಮನ ಅದನ್ನು ಪಳಗಿಸಿದ ನುಡಿಗೆ ಸಿಕ್ಕಿಲ್ಲ. ಇತಿಹಾಸವನ್ನು ಅರಮನೆಯ ವೃತ್ತಾಂತಗಳಿಂದ ಬರೆಯುವಾಗ ನಮಗೆ ಸಿಗುವುದು ಕಬ್ಬಿನ ಮೇಲೆ ಕೆತ್ತಿದ ಹೆಸರು. ಆ ಕಬ್ಬನ್ನು ತಿನ್ನುವ ಮುನ್ನ ಆನೆಗೆ, ಅದನ್ನು ತಂದವನಿಗೆ ಇದ್ದ ಹೆಸರುಗಳನ್ನು ಕೇಳಬೇಕಾದರೆ ಅವರ ನುಡಿಗಳ ಬಳಿಗೇ ಹೋಗಬೇಕು. ಅವುಗಳನ್ನು ಆಡುವ ಹಿರಿಯರು ಇರುವಾಗಲೇ ಹೋಗಬೇಕು.